ಕಿವಿಯೊಳಗಿನ ನೇರಳೆ ಚುಕ್ಕೆ

ಕಿವಿ ಬಕೆಟ್ಟಿಗೆ ಬೀಳುವ ಮೊದಲು ಕೈ ತಡೆಯಿತು. ಎಡಗಿವಿ. ತುದಿಯಲ್ಲಿ ಎರಡು ಕಚ್ಚು. ನಮ್ಮ ಮನೆಯ ಗುರುತು. ಎರಡು ವರ್ಷದ ಹಿಂದೆ ನಾನೇ ಹಾಕಿದ್ದು.

ಬೆಳಗಿನಿಂದ ಇಪ್ಪತ್ತಮೂರು ಕುರಿ ಕಡಿದಿದ್ದೆ. ಕಸಾಯಿಖಾನೆಯಲ್ಲಿ ಯಾರೂ ಮುಖ ನೋಡುವುದಿಲ್ಲ. ನಮ್ಮ ಮನೆಯ ಕೊನೇ ಕುರಿ ಅದರಲ್ಲಿ ಎಷ್ಟನೆಯದೋ ಗೊತ್ತಿಲ್ಲ.

"ಇದನ್ನ ಯಾರು ತಂದ್ರು?"

ಧಣಿ ಕತ್ತಿ ಮಸೆಯುತ್ತಲೇ ಹೇಳಿದ, "ನಿಮ್ಮಣ್ಣ. ನಿನ್ನೆ ಸಂಜೆ. ನಿಂಗೆ ಹೇಳಿಲ್ವಾ?"

ಹೇಳಿರಲಿಲ್ಲ. ಇವತ್ತು ಎಣಿಕೆ ಅಂತ ಅವನಿಗೂ ಗೊತ್ತು.

ಎಣಿಕೆ ಅಂದರೆ ಇಷ್ಟೇ. ಊರ ಹಿಂದಿನ ಬಯಲು ಯಾರೊಬ್ಬರದೂ ಅಲ್ಲ, ಅಲ್ಲಿ ಮೇಯಿಸುವ ಮನೆಗಳದ್ದು. ವರ್ಷಕ್ಕೊಮ್ಮೆ ಪ್ರತಿ ಮನೆಯೂ ತನ್ನ ಗುರುತಿನ ಒಂದು ಕುರಿಯನ್ನಾದರೂ ಅಲ್ಲಿ ನಿಲ್ಲಿಸಬೇಕು. ಕುರಿ ಸತ್ತಿದ್ದರೆ ಕಿವಿ ತಂದು ತೋರಿಸಬೇಕು, ಒಂದು ವರ್ಷದ ಗಡುವು ಸಿಗುತ್ತದೆ. ಮಾರಿದ್ದರೆ ಆ ಮನೆಯ ಹಕ್ಕು ಹೋಯಿತು. ಉಳಿದಿರುವುದು ಏಳೇ ಮನೆ. ಆರಕ್ಕಿಳಿದರೆ ಬಯಲು ಪುರಸಭೆಗೆ ಎಂದು ಕಾಗದದಲ್ಲಿದೆ. ಲಾರಿ ನಿಲ್ಲಿಸಲು ಅವರಿಗೆ ಬೇರೆ ಎಲ್ಲೂ ಜಾಗವಿಲ್ಲ, ಪಾಪ.

ಕಿವಿ ತೊಳೆದೆ. ರಕ್ತ ಹೋಯಿತು. ಕೊಂಡ ಕುರಿಗೆಲ್ಲ ಧಣಿ ಕಿವಿಯೊಳಗೆ ನೇರಳೆ ಶಾಯಿಯ ಚುಕ್ಕೆ ಇಡುತ್ತಾನೆ. ಅದು ಹೋಗಲಿಲ್ಲ. ಹಾಗೇ ಜೇಬಿಗೆ ಹಾಕಿಕೊಂಡೆ.

ಸಿಟ್ಟು ಬರಬೇಕಿತ್ತು. ಆರನೇ ಕ್ಲಾಸಿನಲ್ಲಿ ಮೇಷ್ಟರ ಕೈಯಿಂದ ಕೋಲು ಕಿತ್ತು ಮುರಿದು ಸ್ಕೂಲು ಬಿಟ್ಟವನು ನಾನು. ಇವತ್ತು ಬರಲಿಲ್ಲ. ಐಸ್ ಪೆಟ್ಟಿಗೆಯಲ್ಲಿ ಕೈಯಿಟ್ಟು ತೆಗೆದ ಮೇಲೆ ಬೆರಳು ಹೇಗಿರುತ್ತದೋ, ಇಡೀ ಮೈ ಹಾಗಿತ್ತು.

ಅಣ್ಣ ಬಯಲಿನ ಗೇಟಿಗೆ ಒರಗಿ ನಿಂತಿದ್ದ. ಕೈಯಲ್ಲಿ ಕುರಿ ಕಾಯುವ ಕೋಲು ಇನ್ನೂ ಇತ್ತು.

"ಯಾಕಣ್ಣಾ ಮಾರಿದೆ?"

"ನೀನು ಕತ್ತಿ ಹಿಡ್ಕೊಂಡು ಹೋದೆ. ನಾನು ಸಾಯೋ ತನಕ ಒಂದು ಕುರಿ ಬಾಲ ನೋಡ್ತಾ ಕೂತಿರ್ಬೇಕಾ?"

ಎಂಟು ವರ್ಷ ಅವನೇ ಮೇಯಿಸಿದ್ದ. ಮೇಯಿಸಲು ನಾನು ಒಂದು ದಿನವೂ ಬಂದಿರಲಿಲ್ಲ.

ಎಣಿಸುವವಳು ಬಯಲಿನ ಮನೆಗಳಿಗೆಲ್ಲ ಹಿರಿಯಳಾದ ದೊಡ್ಡಮ್ಮ. ಒಂದೊಂದೇ ಕಿವಿ ಸವರಿ ಗುರುತು ಹೇಳುತ್ತಾಳೆ, ಪುರಸಭೆಯ ಗುಮಾಸ್ತ ಬರೆದುಕೊಳ್ಳುತ್ತಾನೆ. ಆರು ಮನೆ ಮುಗಿಯಿತು.

"ಏಳನೇದು?" ಗುಮಾಸ್ತನ ದನಿಯಲ್ಲಿ ಆಗಲೇ ಖುಷಿ.

ಕಿವಿ ಕೊಟ್ಟೆ. ದೊಡ್ಡಮ್ಮ ಮಡಿಕೆ ಬಿಡಿಸಿ ನೋಡಿದಳು. ಚುಕ್ಕೆಯ ಮೇಲೆ ಹೆಬ್ಬೆರಳು ಒತ್ತಿದಳು.

"ಹೇಗೆ ಸತ್ತಿತೋ?"

"ತೋಳ ಹಿಡೀತು," ಅಂದೆ.

"ಎಲ್ಲಿ, ಬೆರಳು ತೆಗೀರಿ," ಗುಮಾಸ್ತ ಬಗ್ಗಿದ. "ಇದೇನಿದು, ಶಾಯಿ?"

ಹಿಂದಿನಿಂದ ಪಕ್ಕದ ಮನೆಯ ಕುಂಟ ಮಾವ ಅಂದ, "ನಮ್ಮ ಕಡೆ ತೋಳ ಓದಿಕೊಂಡಿದೆ ಸ್ವಾಮಿ. ಸಹಿ ಹಾಕದೆ ಏನೂ ತಿನ್ನಲ್ಲ. ನಿಮ್ಮ ಆಫೀಸಲ್ಲೇ ಕಲಿತದ್ದು."

ಆರು ಮನೆಯವರೂ ನಕ್ಕರು. ಗುಮಾಸ್ತ ನಗಲಿಲ್ಲ. ಅಣ್ಣನ ಕಡೆ ತಿರುಗಿದ. "ಮೇಯಿಸ್ತಿದ್ದವನು ನೀನಲ್ವಾ? ತೋಳ ನೋಡಿದೀಯಾ?"

ಅಣ್ಣ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವನು ನನ್ನನ್ನೇ ನೋಡಿದ.

"ನೋಡಿದೀನಿ."

"ಎಷ್ಟು ಎತ್ತರ ಇತ್ತು?"

ಅಣ್ಣ ಕೈಯೆತ್ತಿ ಸರಿಯಾಗಿ ನನ್ನ ನೆತ್ತಿಯ ಮಟ್ಟಕ್ಕೆ ಹಿಡಿದ. "ಇಷ್ಟು."

ಯಾರೂ ನಗಲಿಲ್ಲ. "ಆರು ಮನೆ ಸಾಕ್ಷಿ ಇದೆ, ಬರ್ಕೊಳ್ಳಿ," ದೊಡ್ಡಮ್ಮ ಅಂದಳು. ಗುಮಾಸ್ತ ಬರೆದುಕೊಂಡ. ಏಳು.

ಅವನು ಹೋದ ಮೇಲೆ ದೊಡ್ಡಮ್ಮ ಕಿವಿಯನ್ನು ವಾಪಸ್ಸು ನನ್ನ ಜೇಬಿಗೇ ತುರುಕಿದಳು. "ಮುಂದಿನ ವರ್ಷ ಕಿವಿಯೊಂದೇ ಬಂದ್ರೆ ನಾನೇ ಹೇಳ್ತೀನಿ, ತೋಳ ಯಾರು ಅಂತ."

ಅಣ್ಣ ಕೋಲನ್ನು ನನ್ನ ಕೈಗೆ ಕೊಟ್ಟು ಊರ ಕಡೆ ನಡೆದ. ತಿರುಗಿ ನೋಡಲಿಲ್ಲ. ಅವನು ಹಿಡಿಯುತ್ತಿದ್ದ ಜಾಗ ಸವೆದು ನುಣುಪಾಗಿತ್ತು. ಅಲ್ಲೇ ಹಿಡಿದುಕೊಂಡೆ. ಮೇಯಿಸಲು ಏನೂ ಇರಲಿಲ್ಲ. ಉಳಿದವರ ಕುರಿಗಳು ನನ್ನ ಸುತ್ತ ಹುಲ್ಲು ಕಚ್ಚುತ್ತಿದ್ದವು. ಮೊದಲ ಸಲ ಒಂದೊಂದರ ಮುಖ ನೋಡಿದೆ.