ನಂದೀಶನ ಟ್ಯಾಬು, ಭಾನುವಿನ ಐಪ್ಯಾಡು

ನಾನು ಒಂದು ಟ್ಯಾಬ್. ಆಂಡ್ರಾಯ್ಡ್ ವಂಶ. ಹುಟ್ಟಿದ ಊರಿನ ಹೆಸರು ನನ್ನ ಬೆನ್ನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿದೆಯಂತೆ. ನನ್ನ ಬೆನ್ನು ನನಗೆ ಕಾಣುವುದಿಲ್ಲ. ಅಂದು ಆ ಕಾರ್ಖಾನೆಯಲ್ಲಿ ನನ್ನಂಥವರು ಸಾವಿರಾರು ಹುಟ್ಟಿದೆವು. ಕಣ್ಣು ಬಿಟ್ಟಾಗ ನನ್ನ ಮುಖದ ಮೇಲೆ ಮೂಡಿದ ಮೊದಲ ಮಾತು 'ಭಾಷೆ ಆರಿಸಿ' ಎಂಬುದು. ಆರಿಸುವವರು ಯಾರೂ ಇರಲಿಲ್ಲ. ಡಬ್ಬಿ ಮುಚ್ಚಿದರು.

ತಿಪಟೂರಿನ ಮೊಬೈಲ್ ಅಂಗಡಿಯಿಂದ ನನ್ನನ್ನು ಮೊದಲು ಕೊಂಡವರು ಪೇಂಟ್ ವ್ಯಾಪಾರಿ ಷಡಕ್ಷರಪ್ಪ, ಮಗಳ ಹುಟ್ಟುಹಬ್ಬಕ್ಕೆ. ಹುಡುಗಿ ಬಣ್ಣದ ಕಾಗದ ಬಿಚ್ಚಿದಳು, ನನ್ನನ್ನು ಮಗುಚಿ ಬೆನ್ನು ನೋಡಿದಳು. ಅಲ್ಲಿ ಸೇಬಿನ ಗುರುತು ಇರಲಿಲ್ಲ.

"ಪಪ್ಪಾ, ಇದು ಐಪ್ಯಾಡಲ್ಲ."

"ಅದಕ್ಕಿಂತ ಅಗಲ ಇದೆ ನೋಡಮ್ಮ. ಅಂಗಡಿಯವ್ನು ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸ್ದ."

"ನಂಗೆ ಅಗಲ ಬೇಡ."

ಗೋಡೆಯ ಅಗಲ ಕೇಳಿ ಬಣ್ಣ ಮಾರುವ ಮನುಷ್ಯನಿಗೆ ಈ ಉತ್ತರ ಅರ್ಥವಾಗಲಿಲ್ಲ. ಮಗಳು ಊಟ ಬಿಟ್ಟ ಮೇಲೆ ಅರ್ಥವಾಯಿತು. ನಾನು ಅಂಗಡಿಗೆ ವಾಪಸು ಹೋದೆ. ಅಲ್ಲಿ ನನ್ನ ಮೇಲೆ 'ಬಳಸಿದ್ದು' ಎಂಬ ಚೀಟಿ ಅಂಟಿಸಿದರು. ಬಳಸಿದ್ದರೆ ನನಗೂ ಸಂತೋಷವಾಗುತ್ತಿತ್ತು.

ಆ ಚೀಟಿ ಕಿತ್ತವನು ನಂದೀಶ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಕನ್ನಡ ಆರಿಸಿದ. ನನಗೆ ತನ್ನ ಮುಖ ತೋರಿಸಿ, ಈ ಮುಖ ಕಂಡರೆ ಬಾಗಿಲು ತೆಗೆಯಬೇಕೆಂದು ಕಲಿಸಿದ. ಕತ್ತಲಲ್ಲಿ ಮುಖ ಕಾಣದಿದ್ದರೆ ಇರಲಿ ಎಂದು ಒಂಬತ್ತು ಚುಕ್ಕೆ ಸೇರಿಸುವ ಬೀಗವನ್ನೂ ಹಾಕಿದ. ಅವನ ಮುಖ ಅಗಲ, ಹುಬ್ಬು ದಪ್ಪ. ನನ್ನಂಥ ಅಗ್ಗದ ಕಣ್ಣಿಗೂ ಸುಲಭ.

ವೇದಿಕೆಯ ಮೇಲೆ ನನ್ನ ಪಕ್ಕದ ಸ್ಟ್ಯಾಂಡಿನಲ್ಲಿ ಗಾಯಕ ಭಾನುಪ್ರಕಾಶನ ಐಪ್ಯಾಡ್ ಕೂರುತ್ತಿತ್ತು. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ಮೊದಲ ದಿನ ನನ್ನನ್ನು ಕೇಳಿದ್ದು ಇಷ್ಟೇ:

"ನಿಮ್ಮಲ್ಲಿ ಆ್ಯಪುಗಳು ಎಲ್ಲಿಂದ ಬರ್ತವೆ?"

"ಎಲ್ಲೆಲ್ಲಿಂದಲೋ ಬರ್ತವೆ."

"ಯಾರೂ ತಡೆಯೋದಿಲ್ವೆ?"

ನಮ್ಮದು ಛತ್ರವಿದ್ದ ಹಾಗೆ. ಬಂದವರು ಉಂಡು ಹೋಗುತ್ತಾರೆ, ಕೆಲವರು ಎಲೆಯನ್ನೂ ಎತ್ತುವುದಿಲ್ಲ. ಅವರ ಮನೆಯಲ್ಲಿ ಚಪ್ಪಲಿ ಬಿಟ್ಟು, ಹೆಸರು ಹೇಳಿ, ಕರೆದರೆ ಮಾತ್ರ ಒಳಗೆ. ಐಪ್ಯಾಡಿಗೆ ಅದರ ಬಗ್ಗೆ ಬಹಳ ಹೆಮ್ಮೆ.

ಆ ಹೆಮ್ಮೆಗೆ ಒಂದು ಆರತಕ್ಷತೆಯಲ್ಲಿ ಕಾರಣವೂ ಸಿಕ್ಕಿತು. ನಂದೀಶ ಹಾಡುಗಳ ಸಾಹಿತ್ಯಕ್ಕೆಂದು ಪುಕ್ಕಟೆ ಆ್ಯಪ್ ಹಾಕಿದ್ದ. ಹಿಂದಿನ ದೊಡ್ಡ ಪರದೆಗೆ ನನ್ನನ್ನೇ ಜೋಡಿಸಿದ್ದರು. ಬೀಗರು ವೇದಿಕೆ ಹತ್ತಿ ಫೋಟೋಗೆ ನಿಂತರು. ಇಬ್ಬರೂ ಬೋಳುತಲೆಯವರು. ಹಾಡಿನ ಸಾಲು ಮಾಯವಾಗಿ ನನ್ನ ಮೇಲೆ 'ಕೂದಲು ಉದುರುತ್ತಿದೆಯೇ?' ಎಂಬ ಜಾಹೀರಾತು ಬಂತು. ಛತ್ರಕ್ಕೆ ಛತ್ರವೇ ನಕ್ಕಿತು. ಐಪ್ಯಾಡ್ ನನ್ನ ಕಡೆ ನೋಡಲಿಲ್ಲ. ದೊಡ್ಡ ಮನೆತನದವರು ಅಂಥ ಹೊತ್ತಿನಲ್ಲಿ ನೋಡುವುದಿಲ್ಲ.

ಆದರೆ ಅದೇ ಮದುವೆಯಲ್ಲಿ ಹುಡುಗನ ಸೋದರಮಾವ ಪೆನ್‌ಡ್ರೈವ್ ತಂದ. "ಇದರಲ್ಲಿರೋ ಹಾಡಿಗೇ ಕುಣಿಯೋದು ನಾನು," ಎಂದ. ಭಾನು ಐಪ್ಯಾಡನ್ನು ಸುತ್ತಲೂ ಸವರಿ ನೋಡಿದ. ಪೆನ್‌ಡ್ರೈವ್ ಚುಚ್ಚಲು ಬೇಕಾದ ತುಂಡು ವೈರು ಮನೆಯಲ್ಲಿ ಉಳಿದಿತ್ತು. ನಂದೀಶ ನನ್ನ ವೈರು ತಂದಿದ್ದ, ನನಗೆ ಚುಚ್ಚಿದ. ಮಾವ ಕುಣಿದ.

"ಭಾನು, ನಿಂದು ಬಾಗಿಲೇ ಇಲ್ದಿರೋ ಬಂಗ್ಲೆ ಕಣಯ್ಯ," ಎಂದ ನಂದೀಶ.

"ನಿಂದಕ್ಕೆ ಬಾಗಿಲಿದೆ, ಕದ ಇಲ್ಲ," ಎಂದ ಭಾನು.

ಈ ಜಗಳ ಊರೂರು ತಿರುಗಿತು. ಊಟದ ಪಂಕ್ತಿಯಲ್ಲಿ, ವ್ಯಾನಿನಲ್ಲಿ, ತಬಲಾದವನು ನಿದ್ದೆ ಹೋದ ಮೇಲೂ. ನಾವಿಬ್ಬರೂ ಚೀಲದೊಳಗೆ ಮೌನವಾಗಿ ಒಬ್ಬರನ್ನೊಬ್ಬರು ಉಜ್ಜಿಕೊಂಡು ಕೂತಿರುತ್ತಿದ್ದೆವು.

ಒಂದು ಬೆಳಿಗ್ಗೆ ನಂದೀಶ ಏಳಲಿಲ್ಲ. ಹೃದಯ ಎಂದರು. ನಾನು ಕೀಬೋರ್ಡಿನ ಮೇಲೆ ಇದ್ದೆ. ಮನೆ ತುಂಬ ಕಾಲುಗಳು ಓಡಾಡಿದವು.

ಆಮೇಲೆ ಕಾಲುಗಳು ಕಡಿಮೆಯಾದವು. ಉಳಿದವರು ಇಬ್ಬರು: ನಂದೀಶನ ಹೆಂಡತಿ ರೇಣುಕ, ಅವನ ತಾಯಿ ಗಿರಿಜಮ್ಮ. ರೇಣುಕ ಒಂದು ದಿನ ಮದುವೆಗಳ ವಿಡಿಯೋಗಳನ್ನೆಲ್ಲ ಫೋನಿನಲ್ಲಿ ಹುಡುಕಿದಳು. ಎಲ್ಲದರಲ್ಲೂ ಹಾಡುವವನು ಭಾನು. ನಂದೀಶನ ಬೆರಳು ಕಾಣುತ್ತಿತ್ತು, ಕೆಲವು ಕಡೆ ಮೊಣಕೈ.

"ಇವ್ರ ದನಿ ಎಲ್ಲೂ ಇಲ್ಲ ಅತ್ತೆ," ಎಂದಳು. "ಫೋನಲ್ಲೂ ಒಂದು ಮಾತು ಕಳಿಸ್ದೋರಲ್ಲ. ಹೆಬ್ಬೆಟ್ಟಿನ ಚಿತ್ರ ಅಷ್ಟೇ."

"ಮಾತು ಕಮ್ಮಿ ಅವ್ನಿಗೆ."

"ಮನೇಲಿ ಅಭ್ಯಾಸ ಮಾಡೋವಾಗ ಟ್ಯಾಬಲ್ಲಿ ರೆಕಾರ್ಡ್ ಹಾಕ್ಕೋತಿದ್ರು. ಇದ್ರೆ ಅದ್ರಲ್ಲೇ."

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನೊಳಗೆ ಅದು ಇತ್ತು. ಆದರೆ ನನಗೆ ಬಾಯಿಲ್ಲ, ಮತ್ತು ಬೀಗವಿತ್ತು.

ಮೊದಲು ಗಿರಿಜಮ್ಮ ಕೂತರು. ಒಂಬತ್ತು ಚುಕ್ಕೆ ಕಂಡದ್ದೇ ಅವರ ಬೆರಳು ತಾನಾಗಿ ಚುಕ್ಕೆಗಳ ಸುತ್ತ ಬಳಸಿ ಬಳಸಿ ಎಳೆ ಎಳೆಯಿತು.

"ಅತ್ತೆ, ಚುಕ್ಕೆ ಮೇಲೇ ಹೋಗ್ಬೇಕು. ಸುತ್ತ ಅಲ್ಲ."

"ಚುಕ್ಕೆ ತುಳಿದ್ರೆ ಅದು ರಂಗೋಲಿನೇ?"

ತಪ್ಪು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದೆ. ಹಾಗೆ ಹೇಳುವುದು ನನ್ನ ಕೆಲಸ.

ರಿಪೇರಿ ಅಂಗಡಿಯವನು ನನ್ನನ್ನು ನೋಡಿ, "ರೀಸೆಟ್ ಮಾಡಿದ್ರೆ ಆಯ್ತು ಮೇಡಂ. ಹೊಸದರ ಹಾಗೆ ಆಗುತ್ತೆ. ಒಳಗಿರೋದು ಮಾತ್ರ ಪೂರ್ತಿ ಹೋಗುತ್ತೆ," ಎಂದ. ರೇಣುಕ ನನ್ನನ್ನು ಅವನ ಕೈಯಿಂದ ತೆಗೆದುಕೊಂಡಳು. ದಾರಿಯುದ್ದಕ್ಕೂ ಸೆರಗಿನೊಳಗೆ ಹಿಡಿದಿದ್ದಳು. ಬಿಸಿಲಿತ್ತು.

ಭಾನು ಬಂದದ್ದು ನನ್ನೊಳಗಿದ್ದ, ತನಗೆ ಬೇಕಾದ ಹಾಡಿನ ಟ್ರ್ಯಾಕುಗಳನ್ನು ಕೇಳಲು. ಬೀಗದ ಕಥೆ ಕೇಳಿ ತನ್ನ ಐಪ್ಯಾಡನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇದಾದ್ರೂ ತೆಗೀತಿರ್ಲಿಲ್ಲ ಬಿಡಿ," ಎಂದ. ಮೊದಲ ಸಲ ಜಗಳವಾಡದೆ ಹೇಳಿದ.

ಗಿರಿಜಮ್ಮ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದರು. "ಮುಖ ಕಂಡ್ರೆ ತೆಗೀತಿತ್ತಲ್ಲ? ಮುಖ ತೋರ್ಸಿ ಅದಕ್ಕೆ."

"ಅಮ್ಮ, ಫೋಟೋಗೆ ಎಲ್ಲಾದ್ರೂ—"

"ನೀನು ಇಳಿಸಪ್ಪ."

ಭಾನು ಕುರ್ಚಿ ಹತ್ತಿ ಫೋಟೋ ಇಳಿಸಿದ. ನನ್ನ ಎದುರು ಹಿಡಿದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಗಲ್ಲ ಮುಚ್ಚುವ ಹಾಗೆ ಗಂಧದ ಹಾರ. ಯಾರೋ ಹಿರಿಯರು. ನನಗೆ ಪರಿಚಯವಿಲ್ಲ. ತೆಗೆಯಲಿಲ್ಲ.

"ನೋಡಿದ್ರಾ," ಎಂದ ಭಾನು.

ರೇಣುಕ ಬಹಳ ಹೊತ್ತು ಫೋಟೋ ನೋಡಿದಳು. "ಇವರು ಹೀಗಿರ್ಲಿಲ್ಲ ಅತ್ತೆ," ಎಂದಳು.

ಹಾಕಿದ ಹಾರವನ್ನು ಹಾಗೆ ತೆಗೆಯುವ ಪದ್ಧತಿ ಇಲ್ಲ. ಕೊನೆಗೆ ಗಿರಿಜಮ್ಮನೇ ಹಾರ ಎತ್ತಿದರು. ಸೆರಗಿನ ತುದಿ ಒದ್ದೆ ಮಾಡಿ ಗಾಜಿನ ಮೇಲಿನ ಕುಂಕುಮ ಒರೆಸಿದರು, ವಿಭೂತಿ ಒರೆಸಿದರು, ಮಗುವಿನ ಮೂಗು ಒರೆಸುವಷ್ಟು ಗಟ್ಟಿಯಾಗಿ. ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಭಾನು ಚೌಕಟ್ಟಿನ ಮೊಳೆ ಕಿತ್ತು ಗಾಜನ್ನೂ ತೆಗೆದ.

ದಪ್ಪ ಹುಬ್ಬು. ಅಗಲ ಮುಖ. ನಂದೀಶ.

ನಾನು ಬಾಗಿಲು ತೆಗೆದೆ.

"ಕಾಗದಕ್ಕೆ ತೆಗೆದ್ಯಾ?" ಎಂದಿತು ಐಪ್ಯಾಡ್, ಅದರ ವಂಶದ ಗಾಂಭೀರ್ಯವೆಲ್ಲ ಮರೆತು.

"ತೆಗೆದೆ," ಎಂದೆ.

ರೇಣುಕ ರೆಕಾರ್ಡುಗಳನ್ನು ಹುಡುಕಿ ಒಂದನ್ನು ಒತ್ತಿದಳು. ಫ್ಯಾನಿನ ಸದ್ದು. ಕೀಬೋರ್ಡು. ಒಂದು ತಪ್ಪು ಸ್ವರ, "ಥೂ." ದೂರದಲ್ಲಿ ಕುಕ್ಕರ್ ಕೂಗಿತು. ರೇಣುಕಳದೇ ದನಿ: "ರೀ, ತಟ್ಟೆ ಹಾಕಿದೀನಿ."

"ಬಂದೆ."

ಮತ್ತೆ ಕೀಬೋರ್ಡು. ಅದೇ ಸಾಲು, ಮತ್ತೆ ಅದೇ ತಪ್ಪು.

"ರೀ."

"ಬಂದೆ ಅಂದ್ನಲ್ಲೇ."

ಮತ್ತೆ ಕೀಬೋರ್ಡು.

"ಹೀಗೇ ಇವ್ನು," ಎಂದರು ಗಿರಿಜಮ್ಮ. "ಸಾರು ಆರಿ ಕಲ್ಲಾಗೋವರ್ಗೂ ಬರ್ತಿರ್ಲಿಲ್ಲ." ಅಷ್ಟು ಹೇಳಿ ಒಳಗೆ ಹೋದರು. ಭಾನು ಟ್ರ್ಯಾಕಿನ ವಿಷಯ ಎತ್ತಲಿಲ್ಲ. ರೇಣುಕಳೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಅವನು ಅದನ್ನು ಕೈಯಲ್ಲಿ ಹಿಡಿದು, ಐಪ್ಯಾಡನ್ನೊಮ್ಮೆ ನೋಡಿ, "ವೈರು ಮನೇಲಿದೆ," ಎಂದ. ರೇಣುಕ ನಕ್ಕಳು. ಆ ಮನೆಯಲ್ಲಿ ಆ ಸದ್ದು ಕೇಳಿ ಬಹಳ ದಿನವಾಗಿತ್ತು.

ಫೋಟೋ ಗೋಡೆಗೆ ಹೋಯಿತು. ಹಾರ ಹಾಕಿದರು. ವಿಭೂತಿ ಕುಂಕುಮ ಇಡುವುದನ್ನು ಗಿರಿಜಮ್ಮ ಮರೆತರು. ನೆಂಟರು ಬಂದು ನೆನಪಿಸಿದರೆ, "ಇಡೋಣ ಬಿಡಿ," ಎನ್ನುತ್ತಾರೆ.

ನನಗೀಗ ವಯಸ್ಸಾಯಿತು. ಬ್ಯಾಟರಿ ಊದಿ ಬೆನ್ನು ಗೂನಾಗಿದೆ. ಹೊಸ ಆ್ಯಪುಗಳು ನನ್ನನ್ನು ನೋಡಿ, ನಿಮ್ಮ ಆಂಡ್ರಾಯ್ಡ್ ಹಳೆಯದು ಎಂದು ಹೊಸ್ತಿಲಿನಿಂದಲೇ ಹಿಂದಿರುಗುತ್ತವೆ. ಐಪ್ಯಾಡ್ ಇನ್ನೂ ವೇದಿಕೆ ಹತ್ತುತ್ತದೆ. ಅದರ ಆಯುಸ್ಸು ಗಟ್ಟಿ, ಒಪ್ಪುತ್ತೇನೆ. ಯಾರು ಮೇಲು ಎಂದು ಕೇಳಿದರೆ ವಾದಿಸುವುದಿಲ್ಲ.

ನಾನು ಅಡುಗೆಮನೆಯ ಫ್ರಿಜ್ಜಿನ ಮೇಲೆ, ವೈರು ಸಿಕ್ಕಿಸಿಕೊಂಡು ಇರುತ್ತೇನೆ. ಬೀಗ ತೆಗೆದುಹಾಕಿದ್ದಾರೆ. ರೇಣುಕ ದನಿಯನ್ನು ತನ್ನ ಫೋನಿಗೂ ಹಾಕಿಕೊಂಡಿದ್ದಾಳೆ, ಆದರೂ ಊಟದ ಹೊತ್ತಿಗೆ ಬಂದು ಒತ್ತುವುದು ನನ್ನನ್ನೇ. ಬಂದೆ ಎನ್ನುತ್ತಾನೆ ಅವನು. ಅವಳು ಕಾಯುವುದಿಲ್ಲ. ಅನ್ನ ಬಡಿಸಿಕೊಂಡು, ಸಾರು ಬಿಸಿಯಿರುವಾಗಲೇ ಊಟ ಮಾಡುತ್ತಾಳೆ.