ರಾಹುಕಾಲದಲ್ಲಿ ರೀಸ್ಟಾರ್ಟು

ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಟೀ ಗ್ಲಾಸು ನನ್ನ ಕೈಯಲ್ಲೇ ಒಡೆದು ಹೋಗ್ಲಿ. ಗ್ಲಾಸು ಈ ಟೀ ಅಂಗಡಿ ಸುನಂದಕ್ಕಂದು, ನಂದಲ್ಲ, ಅದಕ್ಕೇ ಧೈರ್ಯವಾಗಿ ಆಣೆ ಇಡ್ತಿದೀನಿ. ಸಾಕ್ಷಿ ಬೇಕಾ ಸೀನ? ಅಗೋ, ಬೆಂಚಿನ ಆ ತುದೀಲಿ ಬನ್ನು ಹಿಡ್ಕೊಂಡು ಕೂತವ್ನಲ್ಲ, ಅಮರನಾಥ, ಇದೇ ಟೇಕಲ್ ಸ್ಟೇಷನ್ ರೋಡಲ್ಲಿ ಫೋಟೋ ಸ್ಟುಡಿಯೋ ಇಟ್ಟಿರೋನು. ಎಲ್ಲಿ ಸುಳ್ಳು ಅನ್ಸುತ್ತೋ ಅಲ್ಲಿ ಕೆಮ್ಮಲಿ.

ನೀನು ವೇಮಗಲ್ ಫ್ಯಾಕ್ಟರಿ ಬಿಟ್ಟು ಈಗ ತಾನೇ ಈ ಕಡೆ ಬಂದೋನು, ನಿಂಗೆ ಗೊತ್ತಿಲ್ಲ. "ಮನೆ ಇಷ್ಟು ಹತ್ರ ಇಟ್ಕೊಂಡು ಇವ್ನ್ಯಾಕೆ ದಿನಾ ಮಧ್ಯಾಹ್ನ ಇಲ್ಲಿ ಬನ್ನು ತಿಂತಾನೆ ಭೀಮಣ್ಣ" ಅಂತ ಕೇಳಿದ್ಯಲ್ಲ, ಅವ್ನ ಎದುರಿಗೇ ಹೇಳ್ತೀನಿ. ಬೆನ್ನ ಹಿಂದೆ ಹೇಳೋ ಬುದ್ಧಿ ನಂದಲ್ಲ. ಹಿಂದೆನೂ ಹೇಳಿದೀನಿ, ಅದು ಬೇರೆ.

ಇವ್ನ ಅಪ್ಪ ದೊಡ್ಡವೆಂಕಟಪ್ಪ. ಮಗ ಫೋಟೋಗ್ರಾಫರು, ಅಪ್ಪಂಗೆ ಕ್ಯಾಮೆರಾ ಕಂಡ್ರೆ ಆಗಲ್ಲ. ಆಧಾರ್ ಕಾರ್ಡಲ್ಲಿರೋ ಫೋಟೋ ನೋಡಿದೀನಿ, ಮನುಷ್ಯನೋ ಒನಕೆನೋ ಗೊತ್ತಾಗಲ್ಲ. ಹೋದ ವರ್ಷ ತೀರ್ಕೊಂಡಾಗ ಗೋಡೆಗೆ ಹಾಕಕ್ಕೆ ಬೇರೆ ಫೋಟೋ ಇಲ್ಲ. ಆ ಒನಕೆನೇ ದೊಡ್ಡದು ಮಾಡಿ ಹಾರ ಹಾಕಿದ್ರು.

ಆಮೇಲೆ ಅಮರಂಗೆ ಒಂದು ಹೊಳೀತು. ಅಪ್ಪ ಪೋಸು ಕೊಟ್ಟಿಲ್ಲ, ಸರಿ. ಆದ್ರೆ ಸುತ್ತಮುತ್ತ ಯಾವ ಮದ್ವೆ ಆದ್ರೂ ಸಾರಿನ ಬಕೆಟ್ ಹಿಡ್ಕೊಂಡು ಬಡಿಸ್ತಿದ್ದೋರು ಅವ್ರೇ. ಆ ಮದ್ವೆಗಳ ವಿಡಿಯೋ ತೆಗೆದೋನು ಇವ್ನೇ. ಹಳೇದೆಲ್ಲ ಕೂತ್ಕೊಂಡು ನೋಡ್ದ. ಒಂದ್ರಲ್ಲಿ ಬೆನ್ನು, ಒಂದ್ರಲ್ಲಿ ಮೊಣಕೈ. ಒಂದ್ರಲ್ಲಿ ಚಪ್ಪರದ ಕಂಬಕ್ಕೆ ಒರಗಿ ತೂಕಡಿಸ್ತವ್ರೆ. ಇನ್ನೊಂದ್ರಲ್ಲಿ ಓಲಗದೋನ ಜೊತೆ ಜಗಳ. ಎಲ್ಲೋ ಒಂದು ಕಡೆ ಲೈಟು ಮೇಲೆ ಬಿದ್ದ ತಕ್ಷಣ ಟವಲ್ಲು ಮುಖಕ್ಕೆ. ಎಲ್ಲಾ ಕತ್ತರಿಸಿ ಕತ್ತರಿಸಿ ಒಂದು ಕಡೆ ಇಟ್ಟ. ವರ್ಷದ ತಿಥಿ ದಿನ ಎಲ್ಲಾ ಜೋಡ್ಸಿ ಅಮ್ಮಂಗೆ ತೋರಿಸ್ಬೇಕು, ಅಲ್ಲೀವರ್ಗೂ ಅಮ್ಮಂಗೆ ಸುಳಿವೇ ಸಿಗ್ಬಾರ್ದು ಅಂತ.

ನಂಗೆ ಮಾತ್ರ ತೋರಿಸ್ದ. ನಗ್ತಾ ನೋಡಕ್ಕೆ ಕೂತೆ. ಏಳುವಾಗ ನಗ್ತಿರ್ಲಿಲ್ಲ.

ತೊಂದ್ರೆ ಇದ್ದಿದ್ದು ಕಂಪ್ಯೂಟ್ರಿಂದು. ಬೆಂಗಳೂರಲ್ಲಿ ಯಾರೋ ಬಿಸಾಕೋ ಹೊತ್ತಲ್ಲಿ ತಂದಿದ್ದು. ಆ ತುಂಡುಗಳ್ನ ಜೋಡ್ಸಕ್ಕೆ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಬೇಕು ಅಂದ್ರೆ ಹೊಸ ಓಎಸ್ಸು ಬೇಕು. ಓಎಸ್ಸು ಅಂದ್ರೆ ಮಿಷಿನ್ನು ನಡೆಸೋ ಯಜಮಾನ ಇದ್ದಂಗೆ. ಆ ಹೊಸ ಯಜಮಾನ ಈ ಮಿಷಿನ್ ನೋಡಿ, "ನಿಂಗೆ ಆ ಯೋಗ್ಯತೆ ಇಲ್ಲ" ಅಂದ್ಬಿಟ್ಟ.

ಮಾಲೂರಲ್ಲಿ ನಂದು ರಿಪೇರಿ ಅಂಗಡಿ ಐತಲ್ಲ, ಅಲ್ಲಿಂದ ಸಾಮಾನು ತಗೊಂಡು ಬಂದೆ. ಗೇಟಲ್ಲಿ ನಿಂತು ಮಿಷಿನ್ನಿನ ವಯಸ್ಸು ಕೇಳೋ ಫೈಲು ಒಂದಿರುತ್ತೆ, ಅದನ್ನ ಪಕ್ಕಕ್ಕೆ ಸರಿಸ್ದೆ. ಮೊದ್ಲು ಬೇರೆ ಚಿಕ್ಕ ಡಿಸ್ಕಲ್ಲಿ ಹಾಕಿ ನೋಡಿದ್ವಿ. ಓಎಸ್ಸು ಬಂತು, ಮಿಷಿನ್ನಿನ ಒಂದೊಂದು ಭಾಗ ಮುನಿಸ್ಕೊಳ್ತು. ಸೌಂಡು ಎಡಗಡೆಯಿಂದ ಮಾತ್ರ. ಹುತ್ತೂರಿನೋರ ಮದ್ವೆ ಹಾಕಿದ್ರೆ ಹೆಣ್ಣಿನ ಕಡೆಯೋರು ಮಾತಾಡ್ತವ್ರೆ, ಗಂಡಿನ ಕಡೆಯೋರು ಬರೀ ಬಾಯಿ ಆಡಿಸ್ತವ್ರೆ. ಗಂಡಿನ ತಾಯಿ ಸ್ಟುಡಿಯೋಗೇ ಬಂದು ಜಗಳ ತೆಗೆದ್ರು. ಕೆಮ್ದ ನೋಡು. ಆಯ್ತಪ್ಪ, ಬರ್ಲಿಲ್ಲ, ಫೋನ್ ಮಾಡಿದ್ರು.

ಗ್ರಾಫಿಕ್ಸ್ ಕಾರ್ಡಿಗೆ ಅದನ್ನ ನಡೆಸೋ ಹೊಸ ಡ್ರೈವರ್ ಹಾಕಿದ್ರೆ ಮದುಮಗಳು ನೀಲಿ, ಅರಿಶಿಣ ಹಸಿರು. ಹುಡ್ಕಿ ಹುಡ್ಕಿ ಹಳೇ ಡ್ರೈವರ್ ಹಾಕಿದ್ ಮೇಲೆ ಎಲ್ರಿಗೂ ಅವ್ರವ್ರ ಬಣ್ಣ ಬಂತು. ವೈಫೈ ಅಂತೂ ಮಿಷಿನ್ನು ಟೇಕಲ್ ಬೆಟ್ಟದ ಕಡೆ ಮುಖ ಮಾಡಿದ್ರೆ ಉಂಟು, ಬೆನ್ನು ತಿರುಗಿಸಿದ್ರೆ ಇಲ್ಲ. ತಳ್ಳೋ ಗಾಡೀಲಿಟ್ಕೊಂಡು ರೋಡೆಲ್ಲಾ ತಿರುಗಿಸಿದೀವಿ. ಕೆಮ್ಮು, ಕೆಮ್ಮು, ಗಂಟ್ಲು ನಿಂದು. ಕೊನೆಗೆ ಯುಎಸ್‌ಬಿ ವೈಫೈ ಒಂದು ಸಿಕ್ಕಿಸ್ದೆ, ಬೇರೆ ಸೌಂಡ್ ಕಾರ್ಡ್ ಹಾಕ್ದೆ, ಸರಿಹೋಯ್ತು.

ಎಲ್ಲಾ ಒಪ್ಕೊಂಡ್ ಮೇಲೆ ದೊಡ್ಡ ಡಿಸ್ಕಿಗೇ ಹಾಕೋಣ ಅಂತ ಆಯ್ತು. ಚಿಕ್ಕದ್ರಲ್ಲಿ ಅರ್ಧ ಮದ್ವೆನೂ ಹಿಡಿಸಲ್ಲ.

"ಲೇ, ಅಪ್ಪಂದು ಇನ್ನೊಂದು ಕಾಪಿ ಐತೇನ್ಲಾ?" ಅಂದೆ.

"ಎರಡೆರಡು ಕಾಪಿ ಐತೆ ಭೀಮಣ್ಣ, ನೀನು ಹಾಕು" ಅಂದ.

ಎರಡೂ ಅದೇ ಡಿಸ್ಕಲ್ಲಿದ್ವು. ಒಂದು ಫೋಲ್ಡರಿಗೆ 'ಅಪ್ಪ' ಅಂತ ಹೆಸ್ರು, ಇನ್ನೊಂದಕ್ಕೆ 'ಅಪ್ಪ ಕಾಪಿ'. ಅದು ಗೊತ್ತಾಗಿದ್ದು ಆಮೇಲೆ.

ಅವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಇವ್ನ ತಾಯಿ ಮುನಿಗಂಗಮ್ಮ ಬೆಳಿಗ್ಗೆನೇ ಹೇಳಿದ್ರು, "ಅದಕ್ಕೆ ಮುಂಚೆನೇ ಶುರು ಮಾಡ್ಬಿಡ್ರಪ್ಪ. ಶುರು ಮಾಡಿದ್ ಕೆಲ್ಸ ರಾಹುಕಾಲ್ದಲ್ಲಿ ನಡೆದ್ರೆ ದೋಷ ಇಲ್ಲ. ಹೊಸದಾಗಿ ಶುರು ಮಾಡ್ಬಾರ್ದು ಅಷ್ಟೇ." ನಾವೂ ಊದಿನಕಡ್ಡಿ ಹಚ್ಚಿ ಹತ್ತಕ್ಕೇ ಶುರು ಮಾಡಿ, ಇಲ್ಲಿಗೆ ಟೀಗೆ ಬಂದ್ವಿ. ಆಯಮ್ಮ ಸ್ಟೂಲ್ ಹಾಕ್ಕೊಂಡು ಕಾವಲು ಕೂತ್ರು.

ಓಎಸ್ಸು ಹಾಕುವಾಗ ಮಿಷಿನ್ನು ಮಧ್ಯದಲ್ಲಿ ತಾನೇ ಆರಿ ತಾನೇ ಹತ್ಕೊಳ್ಳುತ್ತೆ. ಅದು ಆರಿದ್ದು ಸರಿಯಾಗಿ ರಾಹುಕಾಲ್ದಲ್ಲಿ. ಹತ್ಕೊಂಡು ಮತ್ತೆ ಸೊನ್ನೆ ಪರ್ಸೆಂಟಿಂದ ಎಣಿಸ್ತು. ಆಯಮ್ಮ ಸೊನ್ನೆ ನೋಡಿದ್ರು. ಸೊನ್ನೆ ಅಂದ್ರೆ ಹೊಸದಾಗಿ ಶುರು. ಮಗನ ಕೆಲ್ಸ ರಾಹುಕಾಲ್ದಲ್ಲಿ ಶುರು ಆಗ್ತೈತೆ! "ವದ್ದಮ್ಮಾ, ವದ್ದು, ಪನ್ನೆಂಡು ಕಾನೀ" ಅಂತ ಮಿಷಿನ್ನಿಗೆ ತೆಲುಗಲ್ಲೇ ಬುದ್ಧಿ ಹೇಳಿದ್ರಂತೆ, ಬೇಡಮ್ಮ, ಹನ್ನೆರಡಾಗ್ಲಿ ಅಂತ. ಅದು ಕೇಳ್ಲಿಲ್ಲ. ಪ್ಲಗ್ ಕಿತ್ರು.

ನಾವು ವಾಪಸ್ ಹೋದ್ರೆ ಬಾಗ್ಲಲ್ಲೇ ನಗ್ತಾ ನಿಂತವ್ರೆ. "ಸಮಯಕ್ಕೆ ನಾನಿದ್ದೆ ಕಣಪ್ಪ. ನಿಲ್ಲಿಸ್ಬಿಟ್ಟೆ. ಹನ್ನೆರಡಾದ್ ಮೇಲೆ ಹಾಕು."

ಹನ್ನೆರಡಾದ್ ಮೇಲೆ ಹಾಕಿದ್ವಿ. ಡಿಸ್ಕು ಟಕ್, ಟಕ್ ಅಂತು. ಅಷ್ಟೇ. ಕೇಬಲ್ ಬದಲಾಯಿಸ್ದೆ, ಬೇರೆ ಮಿಷಿನ್ನಿಗೆ ಹಾಕ್ದೆ, ಬೆಂಗಳೂರಿಗೂ ತಗೊಂಡೋದ್ವಿ. ಅಲ್ಲಿ ಡಿಸ್ಕಿನ ಹೊಟ್ಟೆ ಬಿಚ್ಚಿ ನೋಡಿ ಕೈ ಚೆಲ್ಲಿದ್ರು. ಇದಕ್ಕೆ ನಾನು ಒಂದು ಮಾತೂ ಸೇರಿಸಿಲ್ಲ ಸೀನ. ಸೇರಿಸೋ ಹಂಗಿದ್ರೆ ಬೇರೆ ಥರಾ ಸೇರಿಸ್ತಿದ್ದೆ.

ಹಳೇ ಮದ್ವೆ ವಿಡಿಯೋಗಳೂ ಅದೇ ಡಿಸ್ಕಲ್ಲಿದ್ವು, ಅದಕ್ಕೇ ಮದ್ವೆ ಮನೆಗಳಿಗೆ ಹಳೇ ಸಿಡಿ ಕೇಳ್ಕೊಂಡು ಹೋದ್ವಿ. ಕೆಲವು ಬೂಷ್ಟು ಹಿಡಿದಿದ್ವು. ಶ್ರೀನಿವಾಸಪುರದ ಹತ್ರ ಒಬ್ರು ದ್ರಾಕ್ಷಿ ತೋಟದಲ್ಲಿ ಹಕ್ಕಿ ಬೆದರ್ಸಕ್ಕೆ ಕಟ್ಟಿದ್ರು. ಅಮರ ಬಿಚ್ಕೊಂಡು ಅಂಗಿಗೆ ಒರೆಸಿ ಒರೆಸಿ ನೋಡ್ದ. ಹೊಳಪೆಲ್ಲ ಉದುರಿ ಆಚೆ ಕಡೆ ಆಕಾಶ ಕಾಣ್ತಿತ್ತು.

ಅಮ್ಮಂಗೆ ಹೇಳಿದ್ದು ತಿಥಿ ದಿನ. ಬೈಲಿಲ್ಲ ಇವ್ನು. ಬೈದಿದ್ರೆ ಅಲ್ಲಿಗೇ ಮುಗಿಯೋದು. ಏನೇನಿತ್ತು ಅಂತ ಒಂದೊಂದಾಗಿ ಹೇಳ್ದ. ಆಯಮ್ಮ ಎಲ್ಲಾ ಕೇಳಿಸ್ಕೊಂಡು, "ಓಲಗದೋನ ಜೊತೆ ಯಾಕಪ್ಪ ಜಗಳ ಆಡ್ತಿದ್ರು?" ಅಂದ್ರು. ಆಮೇಲೆ, "ನಂಗೂ ಒಂದ್ಸಲ ತೋರಿಸ್ಬಾರ್ದಿತ್ತಾ?" ಅಂದ್ರು.

ಅವತ್ತಿಂದ ಇವ್ನು ಮಧ್ಯಾಹ್ನ ಮನೆಗೆ ಹೋಗಲ್ಲ. ಅಮ್ಮನ ಮೇಲೆ ಸಿಟ್ಟು ಅಂತಾರೆ ಊರೋರು. ಸಿಟ್ಟಲ್ಲ ಸೀನ. ತಟ್ಟೆ ಮುಂದೆ ಕೂತ್ರೆ ಆಯಮ್ಮ ಕೇಳ್ತಾರೆ, "ಕಂಬಕ್ಕೆ ಒರಗಿದ್ರು ಅಂದ್ಯಲ್ಲ, ಅದು ಯಾರ ಮದ್ವೆ? ಯಾವ ಅಂಗಿ ಹಾಕಿದ್ರು?" ದಿನಾ ಕೇಳ್ತಾರೆ. ಇವ್ನಿಗೆ ಅಂಗಿ ನೆನಪಾಗಲ್ಲ. ಹೋದ ತಿಂಗ್ಳು ಜ್ಞಾಪಕ ಇದ್ದಿದ್ದೂ ಈ ತಿಂಗ್ಳು ಇಲ್ಲ.

ನಂಗೆ ಐತೆ ಕಣೋ ಅಮರ, ಇಲ್ಲಿ ಕೇಳು. ನಾನೂ ನೋಡಿದೀನಲ್ಲ. ಬಿಳೀ ಅಂಗಿ, ಸಣ್ಣ ನೀಲಿ ಗೆರೆ, ಜೇಬಲ್ಲಿ ಬೀಡಿ ಕಟ್ಟು. ಹೋಗಿ ಹಂಗೇ ಹೇಳು. ಇನ್ನೂ ಇತ್ತು, ನೀನು ಸರಿಯಾಗಿ ನೋಡಿಲ್ಲ. ತೂಕಡಿಸ್ತಾ ತೂಕಡಿಸ್ತಾ ಒಂದ್ಸಲ ಕಣ್ಣು ಬಿಟ್ಟು, ಸೀದಾ ಕ್ಯಾಮೆರಾ ನೋಡಿ ನಕ್ಕು, 'ಎಲ್ಲಿ, ನಮ್ಮ ಮುನಿಗಂಗಿ ಊಟ ಮಾಡಿದ್ಲಾ' ಅಂತ... ಯಾಕೋ, ಕೆಮ್ಮದೇ ಎದ್ದೆ? ಬನ್ನು ಹಂಗೇ ಬಿಟ್ಟು... ಲೇ, ಮನೆ ಈ ಕಡೆ ಕಣೋ ಅಮರ, ನೀನು ಆ ಕಡೆ ಹೊಂಟ್ಯಲ್ಲ...