ಎಮ್ಮೆ ಏರಿದ ಸೇನಾಧಿಪತಿ

ಹೊಂಗಡಹಳ್ಳದ ಸುತ್ತಮುತ್ತಲ ಹೋಮ್‌ಸ್ಟೇಗಳೆಲ್ಲ ಜಿಪ್‌ಲೈನ್ ಹಾಕಿಸಿಕೊಂಡ ವರ್ಷ, ತನ್ನ ಹೋಮ್‌ಸ್ಟೇಗೆ ಜನ ಬರುತ್ತಿಲ್ಲವೆಂದು ಡ್ಯಾರಿಲ್ ಒಂದು ಲೋಕವನ್ನೇ ಸೃಷ್ಟಿಸಿದ. ಅದರ ಹೆಸರು ಧೂಮಾವರ್ತ. ಅಲ್ಲಿ ಎರಡು ರಾಜ್ಯಗಳು. ಒಂದರ ಸೈನ್ಯ ರೆಕ್ಕೆಯ ಮಹಿಷಗಳನ್ನು ಏರಿ ಬರುತ್ತದೆ, ಇನ್ನೊಂದರದು ದೈತ್ಯ ಉಡಗಳನ್ನು. ಕಂಪನಿಯವರು ಬಂದು ಒಂದು ದಿನ ಯುದ್ಧ ಮಾಡಿ, ಒಗ್ಗಟ್ಟು ಕಲಿತು, ಹಂದಿಮಾಂಸದ ಊಟ ಮಾಡಿಕೊಂಡು ಹೋಗಬಹುದು.

ಮಹಿಷಗಳೆಂದರೆ ಪಕ್ಕದ ಭೂತಯ್ಯನ ಎಮ್ಮೆಗಳು. ಕಾಫಿ ಒಣಗಿಸುವ ಹಳೆಯ ನೀಲಿ ಟಾರ್ಪಾಲನ್ನು ಕತ್ತರಿಸಿ ಅವಕ್ಕೆ ರೆಕ್ಕೆ ಕಟ್ಟಲಾಗಿತ್ತು. ಉಡಗಳ ಹೊತ್ತಿಗೆ ಡ್ಯಾರಿಲ್‌ನ ಉತ್ಸಾಹ ಉಳಿದಿದ್ದರೂ ದುಡ್ಡು ಉಳಿದಿರಲಿಲ್ಲ. ಹಾಗಾಗಿ ಹಳೆಯ ಸೈಕಲ್ಲುಗಳ ಹ್ಯಾಂಡಲಿಗೆ ಕಾಗದದ ಉಡದ ತಲೆ ಸಿಕ್ಕಿಸಿದ್ದ.

ಮೊದಲು ಬಂದದ್ದು ಹಾಸನದ ಒಂದು ಗೊಬ್ಬರದ ಕಂಪನಿ. ಸೇಲ್ಸ್ ವಿಭಾಗಕ್ಕೂ ಅಕೌಂಟ್ಸ್ ವಿಭಾಗಕ್ಕೂ ಯುದ್ಧ. ಮ್ಯಾನೇಜರ್ ಮೃತ್ಯುಂಜಯ ತಾನೇ ಸೇಲ್ಸ್‌ನ ಸೇನಾಧಿಪತಿಯಾಗಿ ಎಲ್ಲಕ್ಕಿಂತ ದಪ್ಪನೆಯ ಎಮ್ಮೆಯನ್ನು ಆರಿಸಿಕೊಂಡ. ಅಕೌಂಟ್ಸ್‌ಗೆ ಕೆ. ಹೊಸಕೋಟೆಯ ಶೃತಿ ನಾಯಕಿ. ಉಳಿದವರು ಯಾರೂ ಒಪ್ಪದ್ದರಿಂದ ಆ ಪದವಿ ಅವಳಿಗೆ ಬಂದಿತ್ತು.

"ಇದು ಹಾಯಲ್ಲ ತಾನೇ?" ರಟ್ಟಿನ ಕವಚ ಬಿಗಿದುಕೊಳ್ಳುತ್ತ ಮೃತ್ಯುಂಜಯ ಕೇಳಿದ.

"ಏ, ದೇವ್ರಂಥವು ಕಣ್ರೀ," ಎಂದ ಭೂತಯ್ಯ. "ಹೇಳ್ದಂಗೆ ಕೇಳ್ತವೆ. ಡ್ಯಾರಿಲಣ್ಣ, ನಂಗೂ ಏನಾರ ಒಂದು ಪಟ್ಟ ಕೊಡು ಮಾರಾಯ."

ಡ್ಯಾರಿಲ್ ಅವನನ್ನು ಅಲ್ಲೇ ಮಹಿಷಮಂತ್ರಿ ಮಾಡಿದ.

ಗುಡ್ಡದ ಬುಡದಲ್ಲಿ ಒಂದು ಬಾವುಟ ನೆಟ್ಟಿತ್ತು. ಅದನ್ನು ಕಿತ್ತವರದು ಗೆಲುವು. ಕಹಳೆ ಊದಿದ್ದೇ ಉಡಸೈನ್ಯ ಇಳಿಜಾರಿನಲ್ಲಿ ನುಗ್ಗಿತು. ಬ್ರೇಕಿಲ್ಲದ ಎರಡು ಉಡಗಳು ನೇರ ಕಾಫಿ ಗಿಡಗಳೊಳಗೆ ಹೋಗಿ ಮಾಯವಾದವು. ಶೃತಿಯ ಉಡದ ಚೈನು ಕಳಚಿ ಬಿತ್ತು.

"ಶೃತಿ, ಶರಣಾಗಮ್ಮ! ಆಮೇಲೆ ಎಲ್ರಿಗೂ ಟೀ ಹೇಳು!" ಎಂದು ಮೃತ್ಯುಂಜಯ ಎಮ್ಮೆಯ ಮೇಲಿಂದ ಕೂಗಿದ. ಆಫೀಸಿನಲ್ಲಿ ದಿನವೂ ಕೇಳುವ ಮಾತು ಕಾಡಿನಲ್ಲೂ ಕೇಳಿ ಶೃತಿಗೆ ರೇಗಿತು. ಸೈಕಲ್ಲನ್ನು ಅಲ್ಲೇ ಕೆಡವಿ ಬಾವುಟದ ಕಡೆ ನಡೆಯತೊಡಗಿದಳು.

ಅತ್ತ ಮಹಿಷಸೈನ್ಯ ಬಹಳ ಗಂಭೀರವಾಗಿ ಹೊರಟು, ಬಾವುಟದ ದಾರಿ ಬಿಟ್ಟು, ಎಡಕ್ಕೆ ತಿರುಗಿ, ಎಸ್ಟೇಟಿನ ಕೆರೆಗೆ ಇಳಿಯಿತು. ಟಾರ್ಪಾಲಿನ ರೆಕ್ಕೆಗಳು ನೀರಿನ ಮೇಲೆ ಹರಡಿಕೊಂಡವು. ಉಳಿದ ಸವಾರರು ಧುಮುಕಿ ದಡ ಸೇರಿದರು. ಈಜು ಬಾರದ ಮೃತ್ಯುಂಜಯ ಮಾತ್ರ ಸೊಂಟದವರೆಗೆ ನೀರಿನಲ್ಲಿ, ರಟ್ಟಿನ ಕತ್ತಿ ಎತ್ತಿಕೊಂಡು ಎಮ್ಮೆಯ ಮೇಲೇ ಕುಳಿತಿದ್ದ.

"ಹೇಳ್ದಂಗೆ ಕೇಳ್ತವೆ ಅಂದ್ಯಲ್ಲೋ!"

"ಕೇಳ್ತವೆ ಸಾ. ಇವತ್ತು ಯಾಕೋ ಕೇಳ್ತಾ ಇಲ್ಲ," ಎಂದ ಮಹಿಷಮಂತ್ರಿ.

ಅಷ್ಟರಲ್ಲಿ ಶೃತಿ ಬಾವುಟ ಹಿಡಿದು ದಡಕ್ಕೆ ಬಂದಳು. "ಸರ್, ಯುದ್ಧ ಮುಗೀತು. ನಾವು ಗೆದ್ವಿ."

"ಎಲ್ಲಿ ಮುಗೀತು? ನಾವು ಜಲಮಾರ್ಗ ಹಿಡಿದಿದ್ದೀವಿ. ಇದು ತಂತ್ರ!"

ಡ್ಯಾರಿಲ್ ಒಮ್ಮೆ ಬಾವುಟವನ್ನೂ, ಒಮ್ಮೆ ಹೋಮ್‌ಸ್ಟೇ ಬಿಲ್ಲಿಗೆ ಸಹಿ ಹಾಕಬೇಕಾಗಿದ್ದ ಮೃತ್ಯುಂಜಯನ ಕೈಯನ್ನೂ ನೋಡಿದ. "ಧೂಮಾವರ್ತದಲ್ಲಿ ಕೆರೆ ಗೆದ್ದವರೇ ಚಕ್ರವರ್ತಿ," ಎಂದು ಘೋಷಿಸಿಬಿಟ್ಟ. ಸೇಲ್ಸ್‌ನವರು ಚಪ್ಪಾಳೆ ತಟ್ಟಿದರು. ಅಪ್ರೈಸಲ್ ಹತ್ತಿರವಿದ್ದುದರಿಂದ ಅಕೌಂಟ್ಸ್‌ನವರೂ ತಟ್ಟಿದರು. ಶೃತಿ ಮಾತ್ರ ಬಾವುಟವನ್ನು ಬಿಡಲಿಲ್ಲ.

ಎಮ್ಮೆಯ ಹಾಲು ಕರೆಯುವ ಹೊತ್ತಾಯಿತು. ಅದು ಎದ್ದು, ಮೈ ಕೊಡವಿ, ಚಕ್ರವರ್ತಿಯನ್ನು ಹೊತ್ತುಕೊಂಡೇ ಬಿಸಿಲೆ ರಸ್ತೆಗೆ ಬಂತು. ಭೂತಯ್ಯ ಹಿಂದೆ ಓಡಿದ. ಎದುರಿಗೆ ಬಂದ ಬಸ್ಸು ನಿಂತಿತು. ಕಿಟಕಿಗಳಿಂದೆಲ್ಲ ಮೊಬೈಲುಗಳು ಹೊರಬಂದವು. ಎಮ್ಮೆ ಯಾರನ್ನೂ ಲೆಕ್ಕಿಸದೆ ಕೊಟ್ಟಿಗೆಗೆ ಹೋಗಿ ನಿಂತಿತು.

ಭೂತಯ್ಯನ ಹೆಂಡತಿ ಇಂದ್ರಮ್ಮ ಚೊಂಬು ಹಿಡಿದು ಹೊರಬಂದಳು. "ಯಾರ್ರೀ ಇದು? ಇಳ್ಕಳಪ್ಪ, ನೀನು ಮೇಲೆ ಕುಂತಿದ್ರೆ ಎಮ್ಮೆ ಸೊರ ಬುಟ್ಟು ಹಾಲು ಕೊಡಲ್ಲ."

ವಿಡಿಯೊ ಮೂರು ಜಿಲ್ಲೆ ದಾಟಿತು. ಮೃತ್ಯುಂಜಯನ ಕೆಲಸ ಹೋಗುತ್ತದೆಂದು ಇಡೀ ಆಫೀಸು ಕಾದಿತ್ತು. ಆದರೆ ಕವಚ ತೊಟ್ಟು ಎಮ್ಮೆಯ ಮೇಲೆ ಬರುತ್ತಿದ್ದ ಮನುಷ್ಯ ಹೆಡ್ ಆಫೀಸಿಗೆ ರೈತರಿಗೆ ಹತ್ತಿರದವನಂತೆ ಕಂಡ. ಅವನ ಚಿತ್ರವನ್ನು ಗೊಬ್ಬರದ ಚೀಲದ ಮೇಲೆ ಅಚ್ಚು ಹಾಕಿಸಿ, ಅವನನ್ನು ಪ್ರಚಾರ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಈಗ ಅವನು ಊರೂರಿಗೆ ಹೋಗಿ, ಕಷ್ಟಕಾಲದಲ್ಲಿ ನಾಯಕ ತನ್ನ ಆಸನ ಬಿಡಬಾರದೆಂದು ಭಾಷಣ ಮಾಡುತ್ತಾನೆ.

ಹಾಸನದಲ್ಲಿ ಖಾಲಿಯಾದ ಅವನ ಕುರ್ಚಿಗೆ ಶೃತಿ ಇನ್‌ಚಾರ್ಜ್ ಆದಳು. ಸಂಬಳ ಹಳೆಯದೇ. ಆದರೂ ಮೊದಲ ದಿನವೇ, ಈ ವರ್ಷದ ಪ್ರವಾಸ ದೋಣಿಗಲ್‌ನಲ್ಲಿ ಊಟಕ್ಕೆ ಮಾತ್ರ, ಎಲ್ಲರೂ ಬಸ್ಸಿನಲ್ಲೇ ಬರತಕ್ಕದ್ದು ಎಂದು ಆದೇಶ ಹೊರಡಿಸಿದಳು.